ಬೇಸಿಗೆಯಲ್ಲಿ ಕುಟ್ಟುವ ಜೀಪು

ಇಂಜಿನ್ ಕಂಡುಹಿಡಿದವನು ನಾನಲ್ಲ. ಅದೊಂದನ್ನು ಬಿಟ್ಟರೆ, ಇಂಜಿನ್ನಿನ ವಿಷಯದಲ್ಲಿ ಕೊಪ್ಪ ತಾಲ್ಲೂಕಿನ ಉಳಿದೆಲ್ಲ ಕೀರ್ತಿಯೂ ನನಗೇ ಸೇರಬೇಕು. ನಾರ್ವೆ ಎಂಬ ನಮ್ಮೂರಿನ ಪಂಪ್‌ಸೆಟ್ ರಿಪೇರಿ ಸುಬ್ಬಯ್ಯ, ಅಂದರೆ ನಾನು, ಬರುತ್ತಿದ್ದೇನೆ ಎಂದು ಗೊತ್ತಾದರೆ ಸಾಕು, ಮೂರು ಮೈಲಿ ದೂರದಲ್ಲಿ ಕೆಮ್ಮುತ್ತಿರುವ ಪಂಪು ಹೆದರಿ ನೆಟ್ಟಗೆ ಓಡತೊಡಗುತ್ತದೆ. ಆದರೂ ಕೊಪ್ಪದ ಗ್ಯಾರೇಜಿನ ಸುಂದರೇಶ್ ನನ್ನನ್ನು ‘ನೀರೆತ್ತುವ ಡಾಕ್ಟರು’ ಎಂದು ಆಡಿಕೊಳ್ಳುತ್ತಿದ್ದ. ಅವನ ಆ ಸುಖ 2004ರ ಬೇಸಿಗೆಯವರೆಗೆ ಮಾತ್ರ ಇತ್ತು.

ಕಮ್ಮರಡಿಯ ಧರ್ಮಪ್ಪಗೌಡರದ್ದು ಇಪ್ಪತ್ತೆರಡು ವರ್ಷದ ಡೀಸೆಲ್ ಜೀಪು. ಅದರ ಡ್ರೈವರ್ ಜಟ್ಟಪ್ಪ ಹದಿನೆಂಟು ವರ್ಷಗಳಿಂದ ಬೇರೆ ಸ್ಟೇರಿಂಗ್ ಮುಟ್ಟಿದವನಲ್ಲ. ಆ ವರ್ಷ ಶಿವರಾತ್ರಿ ಕಳೆದದ್ದೇ ಜೀಪಿನ ಇಂಜಿನ್ ಕುಟ್ಟತೊಡಗಿತು. ಏರು ಹತ್ತಿದರೆ ಟಕ್ ಟಕ್ ಟಕ್. ಆ ಸದ್ದನ್ನು ನಾನು ನಾರ್ವೆಯಲ್ಲಿ ಕೂತೇ ಕೇಳಿದ್ದೇನೆ. ಶೃಂಗೇರಿ ಕಡೆಯವರು ಅದನ್ನು ಗುಡುಗೆಂದು ತಿಳಿದು, ಒಣಗಲು ಹಾಕಿದ್ದ ಕಾಳುಮೆಣಸನ್ನು ಒಳಗೆ ಎತ್ತಿಟ್ಟರಂತೆ.

ಸುಂದರೇಶ್ ಬಾನೆಟ್ ಎತ್ತಿ ನೋಡಿ ತೀರ್ಪು ಕೊಟ್ಟ. “ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ ಗೌಡ್ರೆ. ಇಂಜಿನ್ ಬಿಚ್ಚಿದ್ರೆ ಜೀಪಿಗಿಂತ ರಿಪೇರಿನೇ ದುಬಾರಿ.” ಗೌಡರು ಗುಜರಿಯವನಿಗೆ ಫೋನ್ ಮಾಡಿಬಿಟ್ಟರು. ಸೋಮವಾರ ಲಾರಿ ಬರುವುದೆಂದು ನಿಶ್ಚಯವಾಯಿತು.

ಭಾನುವಾರ ಜಟ್ಟಪ್ಪ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ.

“ಒಂದ್ಸಲ ಕಿವಿ ಕೊಟ್ಟು ನೋಡು ಮಾರಾಯ. ಜೀಪು ಹೋದ್ರೆ ಗೌಡ್ರು ತೋಟದ ಕೆಲ್ಸಕ್ಕೆ ಬಾ ಅಂದಿದಾರೆ. ಈ ಮೊಣಕಾಲು ಇಟ್ಕೊಂಡು ಐವತ್ತಾರನೇ ವರ್ಷದಲ್ಲಿ ಗುದ್ದಲಿ ಹಿಡಿಯೂದು ಹ್ಯಾಂಗೆ?”

“ಎಂತ ಮಾಡೂದು ಜಟ್ಟಪ್ಪ, ನಾನು ಆ ಅಂಗಳಕ್ಕೆ ಕಾಲಿಡೂ ಹಾಗಿಲ್ವಲ್ಲ.”

ಅದಕ್ಕೊಂದು ಕಾರಣವಿತ್ತು. ಹಿಂದಿನ ಜೂನಿನಲ್ಲಿ ನಾನು ಅವರ ಪಂಪು ರಿಪೇರಿಗೆ ಹೋದ ದಿನವೇ ಗೌಡರ ತಾಯಿ ಯಮುನಮ್ಮನವರ ಒನಕೆ ಕಾಣೆಯಾಗಿತ್ತು. ಅಂದಿನಿಂದ ಅವರ ಲೆಕ್ಕದಲ್ಲಿ ನಾನು ಒನಕೆ ಕಳ್ಳ. ಆದರೆ ಜಟ್ಟಪ್ಪ ಮೊಣಕಾಲು ಒತ್ತಿಕೊಳ್ಳುತ್ತ ಎದ್ದದ್ದನ್ನು ನೋಡಿದ ಮೇಲೆ ಹೋಗದಿರಲು ಮನಸ್ಸಾಗಲಿಲ್ಲ.

ಸೋಮವಾರ ಬೆಳಿಗ್ಗೆ ಹೋದೆ. ಯಮುನಮ್ಮ ಜಗಲಿಯಿಂದಲೇ ಸ್ವಾಗತಿಸಿದರು.

“ಬಂದ್ಯಾ? ಈ ಸಲ ಒರಳು ಹೊತ್ಕೊಂಡು ಹೋಗೂಕಾ?”

ಬ್ಯಾಟರಿ ಬಿಚ್ಚಿಕೊಳ್ಳಲು ಬಂದಿದ್ದ ಸುಂದರೇಶ್ ಹಲ್ಲು ಕಿಸಿದ. “ಎಂತ ಸುಬ್ಬಯ್ಯ, ಜೀಪಿನ ಹತ್ರ ಬಾವಿ ನೀರು ಎತ್ತಿಸ್ತೀಯಾ?”

“ಇದರ ರೋಗ ಎಂತದು ಅಂತ ಕಂಡು ಹಿಡೀದಿದ್ರೆ ನಾನು ಒಂದು ವರ್ಷ ಬಾಯಿ ತೆರೆಯೂದಿಲ್ಲ,” ಎಂದೆ.

ಈ ಮಾತು ಹೇಗೋ ಪೇಟೆಗೆ ಹಬ್ಬಿತು. ಹತ್ತೇ ನಿಮಿಷದಲ್ಲಿ ಇಡೀ ಕಮ್ಮರಡಿ ಅಂಗಳದಲ್ಲಿತ್ತು. ಅಷ್ಟೂ ಜನ ನಾನು ಸೋಲಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದರು.

ಚಕ್ರಗಳಿಗೆ ಕಲ್ಲು ಕೊಟ್ಟೆ. ಬ್ರೇಕ್ ಒತ್ತಿ, ಮೊದಲ ಗೇರು ಹಾಕಿ, ಕ್ಲಚ್ಚನ್ನು ಚೂರೇ ಚೂರು ಬಿಡಲು ಜಟ್ಟಪ್ಪನಿಗೆ ಹೇಳಿದೆ. ಏರು ಹತ್ತುವಂತೆ ಇಂಜಿನ್ ತಿಣುಕಿತು, ಕುಟ್ಟತೊಡಗಿತು. ನಾನು ನಾಲ್ಕು ಸಿಲಿಂಡರುಗಳ ಡೀಸೆಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದೆ. ಬೇರಿಂಗ್ ಹೋಗಿದ್ದರೆ, ಆ ಸಿಲಿಂಡರಿಗೆ ಡೀಸೆಲ್ ನಿಂತ ಕೂಡಲೇ ಕುಟ್ಟುವುದು ತಗ್ಗಬೇಕು. ಪ್ರತಿ ಸಲವೂ ಇಂಜಿನ್ ಮುಗ್ಗರಿಸಿತೇ ಹೊರತು ಟಕ್ ಟಕ್ ಒಂದು ಚೂರೂ ತಗ್ಗಲಿಲ್ಲ.

“ಅಮ್ಮ, ನಿಮ್ಮ ಊದುಕೊಳವೆ ಒಂಚೂರು ಕೊಡಿ.”

“ಅದೊಂದು ಉಳಿದಿತ್ತು,” ಎನ್ನುತ್ತ ಯಮುನಮ್ಮ ಒಲೆ ಊದುವ ಕೊಳವೆಯನ್ನು ತಂದರು. ಕೊಟ್ಟ ಮೇಲೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಕೊಳವೆಯ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ನನ್ನ ಕಿವಿಗೆ. ದೇವರು ಈ ಕಿವಿಯನ್ನು ಆನೆಗೆಂದು ಮಾಡಿ, ತಪ್ಪಿ ನನಗೆ ಕೊಟ್ಟಿದ್ದಾನೆ. ಇಂಜಿನ್ ಮೈಯಲ್ಲಿ ಬರೀ ಗುಂಯ್ ಎಂಬ ಸದ್ದು. ಕೊಳವೆಯನ್ನು ಕೆಳಗೆ ಚಾಸಿಗೆ, ಅಂದರೆ ಇಂಜಿನ್ ಕೂತ ಕಬ್ಬಿಣದ ಚೌಕಟ್ಟಿಗೆ ತಾಗಿಸಿದೆ ನೋಡಿ, ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು.

“ಜಟ್ಟಪ್ಪ, ಮಳೆಗಾಲದಲ್ಲಿ ಈ ಸದ್ದು ಇತ್ತಾ?”

“ಇರ್ಲಿಲ್ಲ. ಬಿಸಿಲು ಏರಿದ ಹಾಗೆ ಜಾಸ್ತಿ ಆದದ್ದು.”

“ನಿಮ್ಮನೆ ಬಾಗಿಲು ಮಳೆಗಾಲದಲ್ಲಿ ಹ್ಯಾಂಗಿರ್ತದೆ?”

“ಉಬ್ಬಿ ಕಚ್ಕೊಂಡಿರ್ತದೆ. ಬೇಸಿಗೇಲಿ ಸಡಿಲ ಆಗಿ ಲಟಪಟ ಅಂತದೆ.”

“ಮಳೆಗೆ ವಾಸಿಯಾಗಿ ಬಿಸಿಲಿಗೆ ಬರೂ ರೋಗ ಕಬ್ಬಿಣಕ್ಕಿಲ್ಲ ಸುಂದರೇಶ,” ಎಂದೆ. “ಅದು ಮರದ ರೋಗ.”

ಹಾರೆ ಕೊಟ್ಟು ಇಂಜಿನ್ನಿನ ಬಲ ಮಗ್ಗುಲನ್ನು ಮೀಟಿದೆ. ಬೆರಳಗಲ ಎದ್ದು, ಟಕ್ ಎಂದು ಕೂತಿತು. ಇಂಜಿನ್ನಿಗೂ ಚಾಸಿಗೂ ನಡುವೆ ಮೆತ್ತೆಯಾಗಿ ರಬ್ಬರ್ ಇರಬೇಕಾದ ಜಾಗ ಅದು. ಅಲ್ಲಿ ಕೆಸರು, ಗ್ರೀಸು ಮೆತ್ತಿಕೊಂಡ ಕರಿ ತುಂಡೊಂದಿತ್ತು. ಸುಂದರೇಶ್ ಅದನ್ನು ರಬ್ಬರೆಂದೇ ನಂಬಿದ್ದ. ಬೋಲ್ಟ್ ಬಿಚ್ಚಿ ಹೊರಗೆಳೆದು ಕತ್ತಿಯಿಂದ ಹೆರೆದೆ. ಬಗನಿ ಮರ. ಅದರ ಮೈಮೇಲೆ ಗುರುತಿಗೆಂದು ಸುಟ್ಟು ಎಳೆದ ಮೂರು ಗೆರೆ.

ಯಮುನಮ್ಮ ಜಗಲಿ ಇಳಿದು ಬಂದರು. ತುಂಡನ್ನು ಸೆರಗಿನಲ್ಲಿ ಒರೆಸಿ ತಿರುಗಿಸಿದರು.

“ಇದು ನನ್ನ ತವರಿನ ಒನಕೆ.”

ಎಲ್ಲರೂ ನನ್ನತ್ತ ನೋಡಿದರು. ನಾನು ಗೌಡರತ್ತ ನೋಡಿದೆ. ಗೌಡರು ಮಾತ್ರ ಆಕಾಶ ನೋಡುತ್ತಿದ್ದರು.

“ಅವ್ವ... ರಬ್ಬರು ಹರಿದು ಹೋಗಿತ್ತು. ಜಟ್ಟಪ್ಪ ಮಗಳ ಮದುವೆಗೆ ರಜ ಹಾಕಿದ್ದ. ಬಗನಿ ಆದ್ರೆ ನೂರು ವರ್ಷ ಬಾಳ್ತದೆ ಅಂತ ನಾನೇ ಕೊಯ್ದು...”

“ಒಂಬತ್ತು ತಿಂಗಳಿಂದ ಈ ಸುಬ್ಬಯ್ಯನಿಗೆ ಶಾಪ ಹಾಕಿದೀನಲ್ಲೋ.”

“ಅದಕ್ಕೇ ಅಮ್ಮ, ನನ್ನ ಕೂದಲು ಉದುರಿದ್ದು,” ಎಂದೆ.

“ಕೂದಲಿಗೆ ನಾನು ಹಾಕಿರ್ಲಿಲ್ಲ. ನಾಲಿಗೆಗೆ ಹಾಕಿದ್ದು. ತಾಗ್ಲೇ ಇಲ್ಲ ನೋಡು.”

ಹಳೆಯ ಲಾರಿ ಟೈರಿನ ತುಂಡು ಕತ್ತರಿಸಿ ಒನಕೆಯ ಜಾಗಕ್ಕೆ ಕೂರಿಸಿದೆ. ಬೋಲ್ಟ್ ಬಿಗಿದವನು ಸುಂದರೇಶನೇ. ಪಾಪ, ಎರಡು ಸುತ್ತು ಹೆಚ್ಚೇ ಬಿಗಿದ.

ಪರೀಕ್ಷೆಗೆ ಊರಿನ ಕಡಿದಾದ ಏರನ್ನೇ ಆರಿಸಿದೆವು. ಮುಂದೆ ಯಮುನಮ್ಮ ಮತ್ತು ಗೌಡರು, ಹಿಂದೆ ಹದಿನೇಳು ಜನ. ಶೃಂಗೇರಿಯಲ್ಲಿ ಈ ಕಥೆ ಹೇಳುವಾಗ ನಾನು ಮೂವತ್ತು ಎನ್ನುತ್ತೇನೆ. ಜೀಪು ಹತ್ತಿತು. ಕುಟ್ಟಲಿಲ್ಲ, ಕೆಮ್ಮಲಿಲ್ಲ. ಜಟ್ಟಪ್ಪ ಮಾತ್ರ ಎರಡು ಸಲ ಮೂಗು ಒರೆಸಿಕೊಂಡ.

ನೆತ್ತಿಯ ತಿರುವಿನಲ್ಲಿ ಒಂದು ಲಾರಿಯ ಹಿಂದಿನ ಚಕ್ರ ಚರಂಡಿಗೆ ಇಳಿದು ಹೂತಿತ್ತು. ನಾವು ಹಗ್ಗ ಕಟ್ಟಿದೆವು. ಜಟ್ಟಪ್ಪ ಮೊದಲ ಗೇರು ಹಾಕಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆಯತೊಡಗಿದ. ಲಾರಿ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಕೂಗಿದ.

“ದೊಡ್ಡ ಉಪಕಾರ ಆಯ್ತು ಮಾರಾಯ್ರೆ. ಇಲ್ಲಿ ಧರ್ಮಪ್ಪಗೌಡ್ರ ಮನೆ ಯಾವುದು? ಗುಜರಿ ಜೀಪೊಂದು ಹೇರ್ಕೊಂಡು ಹೋಗಬೇಕಿತ್ತು.”

ಜಟ್ಟಪ್ಪ ಗೌಡರ ಮುಖ ನೋಡಿದ. ಗೌಡರು ತಾಯಿಯ ಮುಖ ನೋಡಿದರು. ಯಮುನಮ್ಮನವರ ಮಡಿಲಲ್ಲಿ ಒನಕೆಯ ತುಂಡಿತ್ತು, ಕೈಗೆ ಸಿಗುವಷ್ಟು ಹತ್ತಿರದಲ್ಲೇ.

“ಹೇಳು ಜಟ್ಟಪ್ಪ,” ಎಂದರು ಗೌಡರು.

ಜಟ್ಟಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ, ಸದ್ದು ತಗ್ಗಿಸದೆ, ಹಿಂದೆ ತಿರುಗಿ ಹೇಳಿದ:

“ನಿಮ್ಮನ್ನ ಎಳೀತಾ ಇದೆಯಲ್ಲ, ಇದೇ. ಮೊದ್ಲು ಮೇಲೆ ಹತ್ತಿ ಬನ್ನಿ, ಆಮೇಲೆ ಖಾಲಿ ವಾಪಸ್ ಹೋಗೀರಂತೆ.”