ರೇಡಿಯೋ ಅಕ್ಕನ ಬೇಳೆ ಬೇಯದ ಜಾಗ

ನಮ್ಮ ಬೀದಿಯಲ್ಲಿ ನನ್ನನ್ನು ರೇಡಿಯೋ ಅಕ್ಕ ಅಂತಾರೆ. ಬೆನ್ನ ಹಿಂದೆ ಅಲ್ಲ, ಮುಖದ ಮುಂದೇನೇ ಅಂತಾರೆ. ನಾನು ಬಟ್ಟೆ ಹೊಲಿಯೋಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೆಷಿನ್ನು, ಒಂದು ಬೆಂಚು. ಬಟ್ಟೆ ಕೊಡೋಕೆ ಬಂದವರು ಬೆಂಚಿನ ಮೇಲೆ ಕೂತು ಎರಡು ಮಾತಾಡಿ ಹೋಗ್ತಾರೆ. ಆ ಎರಡು ಮಾತು ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿರುತ್ತೆ. ಏನು ಮಾಡಲಿ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ.

ಒಂದೇ ಒಂದು ವಿಷಯದಲ್ಲಿ ನಾನು ಗಟ್ಟಿ. ಯಾರ ಸೊಂಟ ಎಷ್ಟು ಇಂಚು ಅನ್ನೋದು ಇವತ್ತಿನವರೆಗೆ ನನ್ನ ಬಾಯಿಂದ ಹೊರಗೆ ಬಂದಿಲ್ಲ. ಅಳತೆ ಪುಸ್ತಕ ಡ್ರಾಯರಿನಲ್ಲಿ ಬೀಗ ಹಾಕಿ ಇಡ್ತೀನಿ. ಅದು ಕಸುಬಿನ ಮರ್ಯಾದೆ.

ಇಂಥ ನನ್ನ ಮನೆಯಲ್ಲೇ ಒಬ್ಬ ಬಾಯಿ ಹೊಲಿದುಕೊಂಡು ಕೂತ. ನನ್ನ ತಮ್ಮ. ಬಸ್ ಡ್ರೈವರ್. ಹದಿನಾಲ್ಕು ವರ್ಷ ಸ್ಟೀರಿಂಗ್ ಹಿಡಿದವನು. ಒಂದು ಮಧ್ಯಾಹ್ನ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದುಬಿಟ್ಟ. ತಮ್ಮ ಬ್ರೇಕ್ ಒತ್ತಿದ. ಸೈಕಲ್ ನಜ್ಜುಗುಜ್ಜಾಯ್ತು, ಸೈಕಲ್ಲಿನವನು ಮಂಡಿ ತರಚಿಕೊಂಡು ಎದ್ದು ಹೋದ. ನಿನ್ನ ತಪ್ಪೇನಿಲ್ಲ ಅಂತ ಡಿಪೋದವರೂ ಬರೆದುಕೊಟ್ಟರು. ಅಲ್ಲಿಗೆ ಮುಗೀಬೇಕಿತ್ತು. ಆದರೆ ಅವತ್ತಿನಿಂದ ಸ್ಟೀರಿಂಗ್ ಮುಟ್ಟಿದರೆ ಸಾಕು, ಅವನ ಕೈ ಬೆವರುತ್ತೆ, ಎದೆ ಡವಡವ ಅನ್ನುತ್ತೆ. ನಿದ್ದೆ ಅಂತೂ ಹಾರಿಹೋಯ್ತು. ಬೆನ್ನುನೋವು ಅಂತ ಡಿಪೋಗೆ ಸುಳ್ಳು ಹೇಳಿ ರಜೆ ಹಾಕಿದ. ಹಾಗೆ ಎಷ್ಟು ದಿನ ಅಂತ ನಡೆಯುತ್ತೆ? ರಜೆ ಮುಗಿದ ದಿನ ಬಸ್ ಹತ್ತಲಿಲ್ಲ ಅಂದ್ರೆ ಕೆಲಸ ಹೋಗುತ್ತೆ. ಆ ಕೆಲಸ ಬಿಟ್ಟರೆ ಅವನಿಗೆ ಬೇರೆ ಏನೂ ಬರಲ್ಲ.

ಆರೋಗ್ಯ ಕೇಂದ್ರದ ನರ್ಸ್ ಯೂನಿಫಾರಂ ಬಿಗಿ ಮಾಡಿಸೋಕೆ ಬಂದಿದ್ದರು. ನಾನು ಸುಮ್ಮನಿರ್ತೀನಾ? ಎಲ್ಲಾ ಹೇಳಿಬಿಟ್ಟೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೌನ್ಸೆಲಿಂಗ್ ಕೇಂದ್ರ ಇದೆ, ಇಂಥ ಭಯಕ್ಕೆ ಅಲ್ಲಿ ದಾರಿ ಸಿಗುತ್ತೆ ಅಂದರು ಅವರು. ಒಳಗಿನ ಕೋಣೆಯಿಂದ ತಮ್ಮನ ದನಿ ಬಂತು.

"ಅಲ್ಲಿ ಹೇಳಿದ್ದು ನಾಳೆ ಡಿಪೋ ಮುಟ್ಟಿದ್ರೆ? ತಲೆ ಕೆಟ್ಟ ಡ್ರೈವರ್ ಅಂತ ಹೆಸರು ಬೀಳುತ್ತೆ. ಆಮೇಲೆ ಯಾರು ಬಸ್ ಕೊಡ್ತಾರೆ ನಂಗೆ?"

ನರ್ಸ್ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಭಯ ಸರಿಯಾಗೇ ಇದೆ. ಹಾಗಾದ್ರೆ ಮೊದಲು ಅದನ್ನೇ ಹೋಗಿ ಕೇಳಿ. ನನ್ನ ವಿಷಯ ಯಾರ ಕೈಗೆ ಹೋಗುತ್ತೆ ಅಂತ ಕೇಳೋದು ನಿಮ್ಮ ಹಕ್ಕು," ಅಂದರು.

ಮುಂದಿನ ವಾರ ತಮ್ಮ ಎರಡು ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಹೋದ. ಗಂಟೆ ಬಿಟ್ಟು ಬಂದ. ಎಲ್ಲಿಗೆ ಅಂದ್ರೆ ತುಟಿ ಪಿಟಕ್ಕೆನ್ನಲಿಲ್ಲ. ಕೇಂದ್ರಕ್ಕೇ ಹೋಗಿರ್ತಾನೆ ಅಂದುಕೊಂಡೆ. ಆದರೆ ಏನು ಹೇಳಿದ, ಅವರೇನಂದರು? ನನಗೆ ತಡೆಯೋಕೆ ಆಗಲಿಲ್ಲ. ದೇವರ ದಯೆ, ಅದೇ ಕೇಂದ್ರದವರು ನನಗೆ ಕಿಟಕಿಯ ಪರದೆ ಹೊಲಿಯೋಕೆ ಕೊಟ್ಟಿದ್ದರು. ರಾತ್ರಿ ಹಗಲು ಅನ್ನದೆ ಮುಗಿಸಿ ತಗೊಂಡು ಹೋದೆ.

ಮೆಟ್ಟಿಲು ಹತ್ತಿದರೆ ಸಣ್ಣ ಕೋಣೆ. ನಾಲ್ಕು ಕುರ್ಚಿ. ಮೇಜಿನ ಹಿಂದೆ ಒಬ್ಬ ಹುಡುಗಿ. ಅವಳ ಕಂಪ್ಯೂಟರ್ ಗೋಡೆ ಕಡೆ ತಿರುಗಿದೆ, ಎಷ್ಟು ಕತ್ತು ಚಾಚಿದರೂ ಒಂದಕ್ಷರ ಕಾಣಲಿಲ್ಲ. ಮೇಜಿನ ಮೇಲೆ ಒಂದು ಫೈಲೂ ಇಲ್ಲ, ಎಲ್ಲಾ ಬೀಗ ಹಾಕಿದ ಬೀರುವಿನೊಳಗೆ. ಬಂದವರನ್ನು ಹೆಸರು ಹಿಡಿದು ಕೂಗಲ್ಲ, ಟೋಕನ್ ನಂಬರ್ ಕರೀತಾರೆ. ಒಳಗಿನ ಮಾತು ಹೊರಗೆ ಕೇಳದ ಹಾಗೆ ಬಾಗಿಲ ಹತ್ತಿರ ಸಣ್ಣಗೆ ಹಾಡು ಹಾಕಿದ್ದಾರೆ. ನಾನು ಆ ಕುರ್ಚಿಯಲ್ಲೇ ಕೂತು ಕಿವಿ ಇಟ್ಟು ನೋಡಿದೆ, ಏನೂ ಕೇಳಲಿಲ್ಲ.

ಪರದೆ ಕೊಟ್ಟು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದೆ, ನನ್ನ ತಮ್ಮ ಬರ್ತಾನಲ್ಲ, ಈಗ ಹೇಗಿದ್ದಾನೆ ಅಂತ.

"ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನ ನಾವು ಯಾರಿಗೂ ಹೇಳಲ್ಲ ಅಕ್ಕ," ಅಂದಳು.

ಒಡಹುಟ್ಟಿದವಳು ಕಣಮ್ಮ ಅಂದೆ. ಎತ್ತಿ ಆಡಿಸಿದವಳು ಅಂದೆ. ಕಣ್ಣಲ್ಲಿ ನೀರೂ ತಂದುಕೊಂಡೆ, ಅದರಲ್ಲಿ ಅರ್ಧ ನಿಜದ್ದೇ. ಅವಳು ನೀರು ಕೊಟ್ಟಳು, ಕುರ್ಚಿ ಕೊಟ್ಟಳು, ನಿಮಗೇ ಮಾತಾಡಬೇಕು ಅನ್ನಿಸಿದರೆ ಸಮಯ ಕೊಡ್ತೀನಿ ಅಂದಳು. ಸುದ್ದಿ ಮಾತ್ರ ಕೊಡಲಿಲ್ಲ. ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ನನ್ನ ಬೇಳೆ ಬೇಯದೆ ಇದ್ದಿದ್ದು ಜನ್ಮದಲ್ಲಿ ಅದೇ ಮೊದಲು.

ಮನೆಗೆ ಬಂದವಳೇ ತಮ್ಮನ ಮೇಲೆ ಹಾರಿದೆ. ನಿನ್ನ ಬಗ್ಗೆ ಕೇಳೋಕೆ ಹೋಗಿದ್ದೆ, ನೀನು ಬಂದಿದ್ದೀಯ ಅಂತ ಕೂಡ ಹೇಳಲಿಲ್ಲ, ಅದೇನು ಸೊಕ್ಕು ಆ ಹುಡುಗಿಗೆ ಅಂದೆ. ತಮ್ಮ ತಲೆ ಎತ್ತಿದ. ಎಷ್ಟು ಹೊತ್ತು ಇದ್ದೆ ಅಂತ ಕೇಳಿದ. ಅರ್ಧ ಗಂಟೆ ಅಂದೆ. ಅವಳ ಮುಂದೆ ಅತ್ತುಬಿಟ್ಟೆಯಾ ಅಂತ ಕೇಳಿದ. ಹೂಂ, ಅತ್ತುಬಿಟ್ಟೆ ಅಂದೆ. ತಿಂಗಳಲ್ಲಿ ಮೊದಲ ಸಲ ಅವನು ನಕ್ಕ.

"ಅಕ್ಕ, ನಾನು ಅಲ್ಲಿಗೆ ಹೋಗೇ ಇಲ್ಲ. ಎರಡು ಸಲ ಮೆಟ್ಟಿಲ ತನಕ ಹೋಗಿ, ಹೆದರಿ ವಾಪಸ್ ಬಂದೆ. ಬಾರದೆ ಇದ್ದವನ ಬಗ್ಗೆನೇ ಅವರು ಬಾಯಿ ಬಿಟ್ಟಿಲ್ಲ. ಅದೂ ನಿನ್ನ ಹತ್ರ. ನಾಳೆ ಹೋಗ್ತೀನಿ."

ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಎರಡೂ ಮಾಡಿದೆ.

ಮಾರನೇ ದಿನ ಜೊತೆಗೆ ಬಾ ಅಂದ. ಕೌನ್ಸೆಲಿಂಗ್ ಮಾಡೋ ಮೇಡಂ ನನ್ನಷ್ಟೇ ವಯಸ್ಸಿನವರು. ನಾನು ಒಳಗೆ ಕೂರಬೇಕಾ ಬೇಡವಾ ಅಂತ ನನ್ನನ್ನಲ್ಲ, ಅವನನ್ನು ಕೇಳಿದರು. ಮೊದಲ ಹತ್ತು ನಿಮಿಷ ಇರಲಿ ಅಂದ. ಮೇಡಂ ಒಂದು ಹಾಳೆ ಅವನ ಮುಂದಿಟ್ಟು ಸಾವಕಾಶವಾಗಿ ಓದಿ ಹೇಳಿದರು. ನೀವು ಹೇಳಿದ್ದು ಈ ಕೋಣೆಯಲ್ಲಿರುತ್ತೆ. ನಿದ್ದೆಗೆ ಮಾತ್ರೆ ಬೇಕಾದರೆ ಡಾಕ್ಟರಿಗೆ ಬೇಕಾದಷ್ಟು ಮಾತ್ರ ತಿಳಿಸ್ತೀವಿ, ಅದೂ ನಿಮಗೆ ಹೇಳಿ. ಬೇರೆ ಯಾರಿಗೇ ಹೇಳಬೇಕಾದರೂ ನಿಮ್ಮ ಸಹಿ ಬೇಕು. ಯಾರಿಗೆ, ಏನು, ಯಾವ ತಾರೀಕಿನವರೆಗೆ ಅಂತ ಅದರಲ್ಲಿ ಬರೆದಿರಬೇಕು. ಮನಸ್ಸು ಬದಲಾದರೆ ಸಹಿ ವಾಪಸ್ ತಗೋಬಹುದು. ನಿಮ್ಮ ಫೈಲು ನೀವು ಕೇಳಿ ನೋಡಬಹುದು, ತಪ್ಪಿದ್ದರೆ ತಿದ್ದಿ ಅನ್ನಬಹುದು.

"ಒಂದು ವಿಷಯ ಮುಚ್ಚಿಡಲ್ಲ," ಅಂದರು. "ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದರೆ, ಮಗುವಿಗೆ ಯಾರಾದರೂ ಹಿಂಸೆ ಕೊಡ್ತಿದ್ದಾರೆ ಅಂತ ಗೊತ್ತಾದರೆ, ಕೋರ್ಟು ಕೇಳಿದರೆ, ಆಗ ನಾನು ಹೇಳಬೇಕಾಗುತ್ತೆ. ಆಗಲೂ ಎಷ್ಟು ಬೇಕೋ ಅಷ್ಟೇ."

ಆ ಮಾತಿಗೇ ನನಗೆ ಅವರ ಮೇಲೆ ಗೌರವ ಬಂದಿದ್ದು. ಏನೂ ಹೊರಗೆ ಹೋಗಲ್ಲ ಅಂತ ಬಾಯಿ ಮಾತಿಗೆ ಹೇಳಿ ಒಪ್ಪಿಸಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲಿ ಬಾಗಿಲು ತೆರೀಬೇಕಾಗುತ್ತೆ ಅಂತ ಮೊದಲ ದಿನವೇ ತೋರಿಸಿಬಿಟ್ಟರು.

ತಮ್ಮ ಒಪ್ಪಿಗೆ ಪತ್ರ ತುಂಬಿದ. ಅಕ್ಕನಿಗೆ ಏನು ತಿಳಿಸಬಹುದು ಅನ್ನೋ ಕಡೆ ಬರೆದ: 'ಮುಂದಿನ ಭೇಟಿಯ ತಾರೀಕು ಮಾತ್ರ.' ನನ್ನ ಮುಖ ಸಪ್ಪಗಾಯ್ತು. ಹತ್ತು ನಿಮಿಷ ಮುಗಿದು ಹೊರಗೆ ಬಂದು ಕೂತೆ. ಕೂತಾಗ ಅಳತೆ ಪುಸ್ತಕ ನೆನಪಾಯ್ತು. ಅಂಗಿ ತೋಳಿಗೆ ಕಸೂತಿ ಹಾಕಿಸೋಕೆ ಕಳಿಸುವಾಗ ಕಸೂತಿಯವಳಿಗೆ ನಾನು ಏನು ಬರೆದುಕೊಡ್ತೀನಿ? ತೋಳಿನ ಅಳತೆ ಮಾತ್ರ. ಸೊಂಟದ ಅಳತೆ ಅವಳಿಗೆ ಯಾಕೆ? ಇಪ್ಪತ್ತು ವರ್ಷದಿಂದ ನಾನೇ ಮಾಡ್ಕೊಂಡು ಬಂದಿದ್ದನ್ನ ಇನ್ನೊಬ್ಬರು ಮಾಡಿದಾಗ ಸೊಕ್ಕು ಅಂದೆನಲ್ಲ ಅಂತ ನಾಚಿಕೆ ಆಯ್ತು. ಎದ್ದು ಹೋಗಿ ಮೇಜಿನ ಹುಡುಗಿಗೆ, ತಪ್ಪಾಯ್ತು ಕಣಮ್ಮ, ನೀನು ನನ್ನ ಕಸುಬಿನವಳೇ ಅಂದೆ. ಅವಳಿಗೆ ಅರ್ಥ ಆಗಲಿಲ್ಲ, ನಕ್ಕಳು.

ಕೈ ಬೆವರೋದು ನಿಲ್ಲೋವರೆಗೆ ಬಸ್ ಹತ್ತಬೇಡಿ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದ್ದರಂತೆ. ಅವನೂ ಹತ್ತಲಿಲ್ಲ. ವಾರಕ್ಕೊಂದು ಸಲ ಹೋದ. ಒಳಗೆ ಏನು ಮಾತಾಡಿದರೋ ನಾನು ಕೇಳಲಿಲ್ಲ. ಕೇಳದೆ ಇರೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ನಿದ್ದೆ ಬರೋಕೆ ಶುರುವಾಯ್ತು, ಊಟ ಸೇರಿತು, ಕೈ ಬೆವರೋದೂ ನಿಂತಿತು. ರಜೆ ಮುಗಿಯೋ ಹೊತ್ತಿಗೆ ಡಿಪೋದವರು ಡಾಕ್ಟರ್ ಪತ್ರ ತಾ ಅಂದರು. ಕೇಂದ್ರದ ಡಾಕ್ಟರ್ ಬರೆದ ಪತ್ರವನ್ನು ಮೊದಲು ತಮ್ಮನ ಕೈಗೇ ಕೊಟ್ಟು ಓದಿಸಿದರು. ಇಂಥ ತಾರೀಕಿನಿಂದ ಬಸ್ ಓಡಿಸಲು ಅರ್ಹ. ಅಷ್ಟೇ. ಸೈಕಲ್ ಇಲ್ಲ, ಬೆವರು ಇಲ್ಲ, ಅತ್ತಿದ್ದು ಇಲ್ಲ. ಅವನು ಎರಡು ಸಲ ಓದಿ, ಇದನ್ನ ಡಿಪೋಗೆ ಕೊಡಬಹುದು ಅಂತ ಸಹಿ ಮಾಡಿದ.

ಮೊನ್ನೆ ಅವನ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾದುಹೋಯ್ತು. ಬೆಂಚಿನ ಮೇಲೆ ಕೂತಿದ್ದ ಪಕ್ಕದ ಮನೆಯಾಕೆ, ನಿನ್ನ ತಮ್ಮ ಇಷ್ಟು ದಿನ ಎಲ್ಲಿದ್ದ ರೇಡಿಯೋ ಅಂತ ಕೇಳಿದಳು. ನಾನು ಸೂಜಿಗೆ ದಾರ ಪೋಣಿಸ್ತಾ ಇದ್ದೆ. ಪೋಣಿಸ್ತಾನೇ ಇದ್ದೆ.

ನಿಮ್ಮ ಮನೆಯಲ್ಲೂ ಹೀಗೆ ಬಾಯಿ ಹೊಲಿದುಕೊಂಡು ಕೂತವರು ಇದ್ದಾರಾ? ನಾಲ್ಕು ಜನಕ್ಕೆ ಗೊತ್ತಾಗುತ್ತೆ ಅನ್ನೋ ಭಯಕ್ಕೆ ನೋವು ನುಂಗ್ತಿದ್ದಾರಾ? ಕೌನ್ಸೆಲಿಂಗ್‌ಗೆ ಹೋಗಿ ಅನ್ನಿ. ಬಾಗಿಲಲ್ಲೇ ಕೇಳಿ: ನನ್ನ ಮಾತು ಎಲ್ಲಿಡ್ತೀರಿ, ಯಾರಿಗೆ ಹೇಳ್ತೀರಿ, ಯಾವಾಗ ಹೇಳಲೇಬೇಕಾಗುತ್ತೆ? ಸರಿಯಾದ ಜಾಗದಲ್ಲಿ ಈ ಪ್ರಶ್ನೆಗೆ ಯಾರೂ ಮುಖ ಗಂಟಿಕ್ಕಲ್ಲ. ಸಹಿ ಹಾಕೋ ಮುಂಚೆ ಓದಿ, ಓದೋಕೆ ಬಾರದಿದ್ದರೆ ಓದಿಸಿ ಕೇಳಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಮನೆಯವರಾದ ನಾವೂ ಅದನ್ನ ನೆನಪಿಟ್ಟುಕೊಳ್ಳಬೇಕು.

ಇದನ್ನ ನಿಮಗೆ ಹೇಳೋ ಮುಂಚೆ ತಮ್ಮನಿಗೆ ಪೂರ್ತಿ ಓದಿ ಹೇಳಿದೆ. ಹೇಳು, ಯಾರಿಗಾದರೂ ಉಪಯೋಗ ಆಗುತ್ತೆ ಅಂದ. ಎರಡು ಸಾಲು ಮಾತ್ರ ತೆಗಿ ಅಂದ. ತೆಗೆದಿದ್ದೀನಿ. ಆ ಎರಡು ಸಾಲಲ್ಲಿ ಏನಿತ್ತು ಅಂತ ನನ್ನ ಬೆಂಚಿನ ಮೇಲೆ ಕೂತು ಎಷ್ಟು ಅತ್ತರೂ ನಾನು ಹೇಳಲ್ಲ.