ಹುಳಿಯಿಲ್ಲದ ನೀರು

ಹುಳಿ ಪರೀಕ್ಷೆಯ ಕಾಗದದ ಪಟ್ಟಿ ಕೆಂಪಾಗಲಿ, ಕೊನೆಗೆ ಹಳದಿಯಾದರೂ ಆಗಲಿ ಎಂದು ಹಿಲ್ಕಾ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಟೊಮ್ಮಾ ವಾಪಸು ಕೊಟ್ಟಿದ್ದ ಬಾಟಲಿಯಿಂದ ಎರಡನೆಯ ಸಲ ಹನಿ ತೆಗೆದು, ಪಟ್ಟಿಯ ಮೇಲೆ ಬಿಟ್ಟು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದಳು. ಈಗಲೂ ತಿಳಿಹಸಿರೇ. ಹುಳಿಯ ಸುಳಿವೇ ಇಲ್ಲ.

"ಪಟ್ಟಿನೇ ಹಳೇದಿರಬೇಕು," ಎಂದಳು.

ಗಂಡ ಫೊಕ್ಕೊ ಬ್ರೆಡ್ಡು ಅಗಿಯುತ್ತ ಕೂತಿದ್ದ. ಒಂದು ಪಟ್ಟಿ ಹಿರಿದು ಸೌತೆಕಾಯಿ ಉಪ್ಪಿನಕಾಯಿಯ ಜಾಡಿಯೊಳಗೆ ಅದ್ದಿದ. ಅದು ತಟ್ಟನೆ ಕೆಂಪಾಯಿತು.

"ಪಟ್ಟಿ ಚೆನ್ನಾಗೇ ಇದೆ. ನನ್ನ ಸೌತೆಕಾಯಿನೂ ಚೆನ್ನಾಗೇ ಇದೆ. ಕೆಟ್ಟಿರೋದು ನಿನ್ನ ಮುಖ ಒಂದೇ."

ಹಿಲ್ಕಾ ನಗಲಿಲ್ಲ.

ಟೊಮ್ಮಾ ಎರಡು ಮನೆ ಆಚೆಯವಳು; ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಲ್ಲಿಂದ ಗೆಳತಿ. ಹಿಂದಿನ ಸಂಜೆ ಬಂದಾಗ ಅವಳ ಎಡಗಣ್ಣು ಕೆಂಡದ ಹಾಗಿತ್ತು. "ನಿನ್ನ ಬೆಳ್ಳಿ ನೀರು ಹಾಕ್ಕೊಂಡ್ರೆ ಈಗೀಗ ಉರಿಯುತ್ತೆ ಕಣೇ. ಹುಳಿಯಾಗಿದೆಯೇನೋ ನೋಡು," ಎಂದು, ಹಾಲು ಒಡೆದ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿ ಬಾಟಲಿ ಕೈಗಿತ್ತಿದ್ದಳು. ಆಮೇಲೆ ತಲೆಯೆತ್ತಿ, "ಅಯ್ಯೋ, ನಿಮ್ಮ ದೀಪದ ಸುತ್ತ ಕಾಮನಬಿಲ್ಲು!" ಎಂದು ನಕ್ಕಿದ್ದಳು.

ಹಿಲ್ಕಾ ಬೆಳ್ಳಿ ನೀರು ಮಾಡಲು ಶುರುಮಾಡಿದ್ದು ಒಂದು ಕುರಿಮರಿಯಿಂದ. ಅದರ ಕಣ್ಣು ಕೀವು ಕಟ್ಟಿತ್ತು. ಶುದ್ಧ ಮಾಡಿದ ನೀರಿನಲ್ಲಿ ಬೆಳ್ಳಿಯ ಎರಡು ತಂತಿ ಇಳಿಬಿಟ್ಟು ಬ್ಯಾಟರಿಗೆ ಸಿಕ್ಕಿಸಿದರೆ ಬೆಳ್ಳಿ ನೀರಿಗೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ಹಾಕಿ ನೋಡಿದಳು, ಕಣ್ಣು ವಾಸಿಯಾಯಿತು. ಸುದ್ದಿ ಕಡಲ ಒಡ್ಡಿನುದ್ದಕ್ಕೂ ಹಬ್ಬಿತು. ಗಂಟಲಿಗೆ, ಗಾಯಕ್ಕೆ, ಕಣ್ಣಿಗೆ ಎಂದು ಜನ ಬಾಟಲಿ ಹಿಡಿದು ಬಂದರು. ಮೊಟ್ಟೆಯನ್ನೋ ಪ್ಲಮ್ ಜಾಮನ್ನೋ ಇಟ್ಟುಹೋದರು. ಅದುವರೆಗೆ ಅವಳ ಬಳಿ ಏನನ್ನಾದರೂ ಕೇಳಲೆಂದು ಯಾರೂ ಬಂದವರಲ್ಲ. ಹಿಂಬಾಗಿಲು ಬಡಿಯುವ ಸದ್ದು ಅವಳಿಗೆ ಇಷ್ಟವಾಗತೊಡಗಿತ್ತು.

ನೀರು ಹುಳಿಯಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ತಪ್ಪಾಯಿತು ಎಂದು ಚೆಲ್ಲಿಬಿಟ್ಟರೆ ಉರಿ ತಾನಾಗಿ ಇಳಿಯುತ್ತಿತ್ತು.

"ಹುಳಿಯಿಲ್ಲ ಅಂದ್ರೆ ನಿನ್ನ ತಪ್ಪೂ ಇಲ್ಲ ಅಂತಾಯ್ತಲ್ಲ, ಸಂತೋಷಪಡು," ಎಂದ ಫೊಕ್ಕೊ.

"ಹಾಗಾದ್ರೆ ಅವಳ ಕಣ್ಣು ಉರೀತಿರೋದು ಯಾಕೆ?"

ಫೊಕ್ಕೊ ಅಗಿಯುವುದನ್ನು ನಿಲ್ಲಿಸಿದ. ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡುತ್ತ, "ಆ ಮರಿ ಕಣ್ಣನ್ನ ನಾನೂ ದಿನಾ ಬಿಸಿನೀರಲ್ಲಿ ಒರೆಸ್ತಿದ್ದೆ, ಗೊತ್ತಲ್ಲ," ಎಂದ.

"ಗೊತ್ತು," ಎಂದಳು ಹಿಲ್ಕಾ. ಯಾವಾಗಲೂ ಗೊತ್ತಿತ್ತು.

ಹಿಲ್ಕಾ ಹೋದಾಗ ಟೊಮ್ಮಾ ಹಾಡಹಗಲಲ್ಲಿ ಮನೆಯ ಪರದೆ ಎಳೆದುಕೊಂಡು, ಮಬ್ಬಿನಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಳು.

"ಏನಂತೆ? ಹುಳಿನಾ?"

"ಇಲ್ಲ. ಸರಿಯಾಗೇ ಇದೆ."

"ಸದ್ಯ! ಕೊಡು ಇಲ್ಲಿ," ಎಂದು ಟೊಮ್ಮಾ ಕೈಚಾಚಿದಳು.

ಹಿಲ್ಕಾ ಬಾಟಲಿಯನ್ನು ಕೋಟಿನ ಜೇಬಿನಿಂದ ಹೊರತೆಗೆಯಲೇ ಇಲ್ಲ. "ನಿನ್ನ ಕಣ್ಣಿಗೆ ಬೇಕಾದ್ದು ಇದರಲ್ಲಿಲ್ಲ ಕಣೇ. ಇದೆ ಅಂತ ನಾನೇ ಹೇಳ್ದೆ. ಗೊತ್ತಿಲ್ದೇನೇ ಹೇಳ್ದೆ. ಏಳು, ಕೋಟು ಹಾಕ್ಕೋ. ಲೇರ್ ಪೇಟೆಗೆ ಹೋಗೋಣ, ಕಣ್ಣಿನ ಡಾಕ್ಟರ್ ಹತ್ರ."

ಟೊಮ್ಮಾಳ ಕೈಯ ಚಾಕು ನಿಂತಿತು. "ಅಲ್ಲಿಗೆ ಹೋಗ್ಬಾರ್ದು ಅಂತಲೇ ನಿನ್ನ ಹತ್ರ ಬಂದಿದ್ದು. ನಮ್ಮಮ್ಮ ಆಸ್ಪತ್ರೆಗೆ ಹೋಗುವಾಗ ಪೇಪರ್ ಓದ್ತಿದ್ಲು. ಬರುವಾಗ ಗೋಡೆ ತಡಕ್ತಾ ಬಂದ್ಲು. ನೀನೂ ನೋಡಿದೀಯ."

"ನೋಡಿದೀನಿ."

"ಮೂರು ವಾರದಿಂದ ಹಾಕ್ಕೋ, ಹಾಕ್ಕೋ ಅಂದವಳು ನೀನು!"

"ಹೌದು, ನಾನೇ. ಬೈಯಿ. ಲೇರ್ ಬರೋ ತನಕ ಬೈಯಿ. ಆದ್ರೆ ಕಾರಲ್ಲಿ ಕೂತ್ಕೊಂಡು ಬೈಯಿ."

ಟೊಮ್ಮಾ ಹಾಗೆಯೇ ಮಾಡಿದಳು. ಗಾಳಿಗಿರಣಿ ದಾಟುವವರೆಗೂ ಬೈದಳು. ಶಾಲೆಯಲ್ಲಿ ಹಿಲ್ಕಾ ಅವಳ ಲೆಕ್ಕ ಕಾಪಿ ಹೊಡೆದದ್ದನ್ನೂ ಬಿಡಲಿಲ್ಲ. ಕಾಲುವೆಯ ಸೇತುವೆ ಹತ್ತಿದ ಮೇಲೆ ಸುಮ್ಮನಾಗಿ, ಬಿಸಿಲಿಗೆ ಎರಡೂ ಕಣ್ಣು ಮುಚ್ಚಿಕೊಂಡಳು. ಹಿಲ್ಕಾಳಿಗೆ ಬೈಗುಳವೇ ಹಿತವಾಗಿತ್ತು ಅನ್ನಿಸಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಿನೊಳಗಿನ ಒತ್ತಡ ಅಳೆದು ನೋಡಿ, ಮತ್ತೊಮ್ಮೆ ಅಳೆದರು. ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಆಮೇಲೆ, "ಇಷ್ಟು ದಿನ ಕಣ್ಣಿಗೆ ಏನು ಹಾಕ್ಕೊಳ್ತಿದ್ರಿ?" ಎಂದರು.

"ಏನಿಲ್ಲ, ಬರೀ ನೀರು," ಎಂದಳು ಟೊಮ್ಮಾ.

"ಬೆಳ್ಳಿ ನೀರು," ಎಂದಳು ಗೋಡೆಯ ಬದಿಯ ಕುರ್ಚಿಯಲ್ಲಿದ್ದ ಹಿಲ್ಕಾ. "ನಾನೇ ಮಾಡಿಕೊಟ್ಟಿದ್ದು."

ಡಾಕ್ಟರು ಅವಳತ್ತ ನೋಡಿದರು. ಗದರಲಿಲ್ಲ. "ಒತ್ತಡ ಏರಿದ್ದು ನೀರಿನಿಂದಲ್ಲ. ಆದ್ರೆ ಮೊದಲೇ ಬಂದಿದ್ರೆ..." ಎಂದು ಅಲ್ಲಿಗೇ ಬಿಟ್ಟು, ನರ್ಸನ್ನು ಕರೆದರು.

ಅದೇ ದಿನ ಔಷಧಿ ಕೊಟ್ಟು ಒತ್ತಡ ಇಳಿಸಿದರು. ಮಾರನೆಯ ದಿನ ಲೇಸರ್ ಹಾಯಿಸಿದರು. ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಹೋದ ನೋಟ ಮರಳುವುದಿಲ್ಲ, ಮಿಕ್ಕ ಸ್ವಲ್ಪವನ್ನು ಕಾಪಾಡಿಕೊಳ್ಳಬಹುದು ಎಂದರು.

ಆಮೇಲೆ ಹಿಂಬಾಗಿಲು ಬಡಿದವರಿಗೆಲ್ಲ ಹಿಲ್ಕಾ, ಬೆಳ್ಳಿ ನೀರು ಇನ್ನು ಕೊಡುವುದಿಲ್ಲ ಎಂದಳು. ಯಾಕೆ ಎಂಬುದನ್ನೂ ಹೇಳಿದಳು. "ನನ್ನ ಗಂಟಲಿಗೆ ಚೆನ್ನಾಗೇ ಆಗ್ತಿತ್ತಲ್ಲ ಮಾರಾಯ್ತಿ!" ಎಂದು ಮುದಿ ಅಂಚೆಯಣ್ಣ ಮುನಿಸಿಕೊಂಡು ಹೋದ. ಬರಬರುತ್ತ ಬಾಗಿಲು ಬಡಿಯುವವರೇ ಇಲ್ಲವಾದರು. ಟೊಮ್ಮಾಳೂ ಬರಲಿಲ್ಲ. ಹಿಲ್ಕಾ ಅವಳ ಮನೆಯ ಮುಂದೆ ಸೈಕಲ್ಲನ್ನು ಸ್ವಲ್ಪ ಜೋರಾಗಿಯೇ ತುಳಿದು ದಾಟುತ್ತಿದ್ದಳು.

ಚಳಿಗಾಲಕ್ಕೆಂದು ಬಾತುಗಳು ಉತ್ತರದಿಂದ ಇಳಿಯತೊಡಗಿದ್ದ ಒಂದು ಮಧ್ಯಾಹ್ನ, ಬೇಲಿಯ ಆಚೆಯಿಂದ ಟೊಮ್ಮಾಳ ದನಿ ಕೇಳಿಸಿತು. "ಟೀ ಇಟ್ಟಿದೀನಿ. ಬರ್ತೀಯೋ, ಇಲ್ಲಾ ಅಲ್ಲೇ ಎಲೆ ಗುಡಿಸ್ತಾ ಇರ್ತೀಯೋ?"

ಹಿಲ್ಕಾ ಪೊರಕೆ ಒರಗಿಸಿಟ್ಟು ಹೋದಳು.

ಟೊಮ್ಮಾ ಎರಡೂ ಬಟ್ಟಲಿಗೆ ಕಲ್ಲುಸಕ್ಕರೆಯ ಹರಳು ಹಾಕಿ ಟೀ ಕೆಟಲ್ ಎತ್ತಿದಳು. ಅದರ ಮೂತಿ ಬಟ್ಟಲಿನ ಪಕ್ಕದ ಗಾಳಿಯಲ್ಲಿ ತಡವರಿಸಿತು. ಹಿಲ್ಕಾಳ ಕೈ ಮೇಜಿನಿಂದ ಮೇಲೆದ್ದಿತು. ಅದನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಳು. ಟೊಮ್ಮಾ ಮೂತಿಯನ್ನು ನಿಧಾನವಾಗಿ ಇಳಿಸುತ್ತ ಬಂದಳು. ಅದು ಬಟ್ಟಲಿನ ಅಂಚಿಗೆ ತಾಗಿ ಟಿಣ್ಣೆಂದಿತು. ಆಗ ಬಗ್ಗಿಸಿದಳು. ಬಿಸಿ ಟೀ ಬಿದ್ದು ಕಲ್ಲುಸಕ್ಕರೆ ಚಟಚಟನೆ ಬಿರಿಯಿತು.