ಬರ್ತೀನಿ ಅಂದವರು

ಆ ಹೊಲಿಗೆ ಅಂಗಡಿಯಲ್ಲಿ ಯಾವುದೂ ಎಂದೂ ಮುಗಿಯುತ್ತಿರಲಿಲ್ಲ. ಕಪ್ಪು ದಾರದ ಕೊನೆಯ ಉಂಡೆ ಬರಿದಾದರೆ "ಕಪ್ಪು ದಾರ ಹೆಚ್ಚಾಗಿದೆ, ತಗೊಂಡು ಬಾ" ಎನ್ನಬೇಕು. ದೀಪ ಆರಿಸುವುದಲ್ಲ, ದೊಡ್ಡದು ಮಾಡುವುದು. ಬಾಗಿಲು ಮುಚ್ಚುವುದಲ್ಲ, ಮುಂದೆ ಮಾಡುವುದು. ಹೊಸ್ತಿಲು ದಾಟುವವರು ಯಾರೇ ಆಗಲಿ, "ಹೋಗ್ತೀನಿ" ಅಂದರೋ, ಅಜ್ಜಿ ಗುಂಡಿಯ ಡಬ್ಬಿಯನ್ನು ಮೇಜಿಗೆ ಕುಟ್ಟಿ "ಅದೇನು ಮಾತು? ಬರ್ತೀನಿ ಅನ್ನು" ಎಂದು ತಿದ್ದಿಯೇ ಕಳಿಸುವವಳು. ಕರೆಂಟಿನ ಮೀಟರ್ ನೋಡಲು ಬಂದವನೂ ಒಮ್ಮೆ ಹೀಗೆ ತಿದ್ದಿಸಿಕೊಂಡು, "ಬರ್ತೀನಜ್ಜಿ, ಮುಂದಿನ ತಿಂಗಳು ಬಂದೇ ಬರ್ತೀನಿ, ನೀವು ಬೇಡ ಅಂದ್ರೂ ಬರ್ತೀನಿ" ಎಂದು ನಕ್ಕಿದ್ದ.

ಚುಕ್ಕಿ ಬೆಳೆದದ್ದು ಈ ಮಾತುಗಳ ನಡುವೆ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಯ ರಾಶಿಯ ಮೇಲೆ ಮಲಗಿ ಅಜ್ಜಿಯ ಕತೆಗಳನ್ನು ಕೇಳುತ್ತ. ಅವಳು ನಾಲ್ಕು ವರ್ಷದವಳಿದ್ದಾಗ, ಅಂಗಡಿಯಲ್ಲೇ ಹೊಲಿಯುತ್ತಿದ್ದ ಅವಳಮ್ಮ ಆಸ್ಪತ್ರೆಗೆಂದು ಹೊರಟು, ಇದೇ ಹೊಸ್ತಿಲಲ್ಲಿ ತಿರುಗಿ ನಿಂತು, "ಬರ್ತೀನಿ ಕಣೇ" ಅಂದಿದ್ದಳು. ಬರಲಿಲ್ಲ. ಚುಕ್ಕಿಗೆ ಆ ಮಾತು ನೆನಪಿತ್ತು, ದನಿ ನೆನಪಿರಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಗೋಡೆಯಾಚೆ ಯಾವ ಹೆಂಗಸು ಮಾತಾಡಿದರೂ ಅವಳ ಕಿವಿ ಒಂದು ಗಳಿಗೆ ಅತ್ತ ಹೊರಳುತ್ತಿತ್ತು. ಇದೇ ಇರಬಹುದೇ? ಹೀಗೇ ಇದ್ದಿರಬಹುದೇ? ಇಪ್ಪತ್ತೆರಡು ವರ್ಷದಿಂದ ಇದೇ ಆಗಿತ್ತು.

ಈ ವರ್ಷ ಮಾವ ಅಂಗಡಿಗೆ ಹೊಸ ಸಾಫ್ಟ್‌ವೇರ್ ತರಿಸಿದ. ಅಳತೆ, ಆರ್ಡರು, ಬಟ್ಟೆ ಸಿದ್ಧವಾದ ಸುದ್ದಿ ಎಲ್ಲವನ್ನೂ ಇನ್ನು ಅದೇ ನೋಡಿಕೊಳ್ಳುತ್ತದಂತೆ. ಆದರೆ ಹಳೆಯ ಅಳತೆಗಳೆಲ್ಲ ಇದ್ದದ್ದು ಅಜ್ಜಿ ಬರೆದ ಹನ್ನೊಂದು ಪುಸ್ತಕಗಳಲ್ಲಿ.

"ಇವನ್ನ ಓದೋಕೆ ನಿಮ್ಮಜ್ಜಿ ಕಣ್ಣೇ ಬೇಕು. ಆ ಕಣ್ಣಿಗೆ ಈಗ ನಾವೇ ಕಾಣಲ್ಲ," ಎಂದ ಮಾವ, ಪುಸ್ತಕಗಳನ್ನು ಚುಕ್ಕಿಯ ಮುಂದೆ ಪೇರಿಸುತ್ತ. "ಶುಕ್ರವಾರ ನಾಲ್ಕು ಗಂಟೆ ಒಳಗೆ ಎಲ್ಲಾ ಕಂಪ್ಯೂಟರಿಗೆ ಹೋಗ್ಬೇಕು."

"ಹೋಗ್ಬೇಕು ಅನ್ಬೇಡ್ವೋ!" ಎಂದಳು ಮೂಲೆಯಿಂದ ಅಜ್ಜಿ.

"ಸರಿ ತಾಯಿ. ಕಂಪ್ಯೂಟರಿಗೆ ಹೋಗಿ ಬರ್ಬೇಕು!"

ಕಂಪನಿಯವರು ಒಂದು ಖಾಲಿ ಎಕ್ಸೆಲ್ ಹಾಳೆ ಕಳಿಸಿದ್ದರು. ಮೇಲಿನ ಸಾಲಿನಲ್ಲಿ ಬೂದು ಬಣ್ಣದ ತಲೆಬರಹಗಳು, ಕೆಲವಕ್ಕೆ ಕೆಂಪು ನಕ್ಷತ್ರ. "ನಕ್ಷತ್ರ ಇರೋ ಕಾಲಂ ಒಂದೂ ಖಾಲಿ ಬಿಡ್ಬೇಡಿ ಮೇಡಂ," ಎಂದಿದ್ದಳು ಫೋನಿನಲ್ಲಿ ಸಾಫ್ಟ್‌ವೇರಿನವಳು. "ಒಂದು ಮನೆ ಖಾಲಿ ಇದ್ರೂ ಇಡೀ ಫೈಲ್ ವಾಪಸ್ ಬರುತ್ತೆ."

ಮೊದಲ ತೊಡಕು ಹೆಸರಿನದು. ಅಜ್ಜಿ ಯಾರನ್ನೂ ಹೆಸರು ಹಿಡಿದು ಬರೆದವಳಲ್ಲ. ಮೂಲೆಮನೆ ಡಾಕ್ಟ್ರು, ಎಡಗೈ ಬಡಗಿ, ಸೀನುವ ವಕೀಲರು. ಹಾಳೆಗೋ ಎರಡೆರಡು ಹೆಸರು ಬೇಕು. ಚುಕ್ಕಿ ತುಟಿ ಕಚ್ಚಿ ನಗು ತಡೆದುಕೊಂಡು, ಮೊದಲ ಹೆಸರು 'ಸೀನುವ', ಕೊನೆಯ ಹೆಸರು 'ವಕೀಲರು' ಎಂದು ತುಂಬಿದಳು. ಹಳಬರಿಗೆ ಫೋನ್ ನಂಬರೂ ಇರಲಿಲ್ಲ, ಅದಕ್ಕೂ ನಕ್ಷತ್ರ. ಒಂದು ಮನೆಯಲ್ಲಿ ತನ್ನದೇ ನಂಬರ್ ಹಾಕಿ, ಅದರ ಮೂಲೆ ಹಿಡಿದು ಕೆಳಗಿನವರೆಗೂ ಎಳೆದುಬಿಟ್ಟಳು. ಹಾಳೆಗೆ ಬುದ್ಧಿ ಜಾಸ್ತಿ. ಸಾಲಿಗೊಂದರಂತೆ ಕೊನೆಯ ಅಂಕಿಯನ್ನು ಏರಿಸುತ್ತ, ಯಾರದೂ ಅಲ್ಲದ ನಂಬರುಗಳನ್ನು ಅದು ಹುಟ್ಟಿಸಿಕೊಂಡು ಹೋಯಿತು. ಚುಕ್ಕಿ ಅದನ್ನು ಗಮನಿಸಲಿಲ್ಲ.

ಕಡೆಯ ನಕ್ಷತ್ರದ ಕಾಲಂ 'ಸ್ಥಿತಿ'. ಅಲ್ಲಿ ಏನನ್ನೂ ಬರೆಯುವಂತಿಲ್ಲ. ಬಾಣದ ಗುರುತು ಒತ್ತಿದರೆ ಎರಡೇ ಮಾತು ಇಳಿಯುತ್ತವೆ, ಆರಿಸಿಕೊಳ್ಳಬೇಕು: 'ಬರುತ್ತಾರೆ', 'ಬರುವುದಿಲ್ಲ'. ಅಜ್ಜಿಯ ಪುಸ್ತಕದಲ್ಲಿ ತಿಂಗಳು, ತಾರೀಕು ಇದ್ದವೇ ಹೊರತು ಇಸವಿ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಗಿರಾಕಿಯ ಪಕ್ಕದಲ್ಲಿ ಮಾತ್ರ ಕೆಂಪು ಪೆನ್ಸಿಲಿನಲ್ಲಿ 'ಬರ್ತೀನಿ ಅಂದರು' ಎಂದಿತ್ತು. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು? ಅವರಿಗೆ ಚುಕ್ಕಿ 'ಬರುತ್ತಾರೆ' ಒತ್ತಿದಳು, ಉಳಿದವರಿಗೆ ತನಗೆ ತಿಳಿದಂತೆ ಒಂದನ್ನು. ಅಜ್ಜಿಯನ್ನು ಕೇಳಬಹುದಿತ್ತು. ಅಜ್ಜಿ ಗುಂಡಿ ವಿಂಗಡಿಸುತ್ತ ತೂಕಡಿಸುತ್ತಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ.

ಮಂಗಳವಾರ ಪರೀಕ್ಷೆಗೆಂದು ಮೊದಲ ಪುಸ್ತಕದ ಐದು ಸಾಲು ಕಳಿಸಿದಳು. ಸಂಜೆಗೆ ಫೋನ್ ಬಂತು. "ಐದೂ ಏರಿದೆ ಮೇಡಂ. 'ನಿಮ್ಮ ಬಟ್ಟೆ ಸಿದ್ಧವಾಗಿದೆ, ದಯವಿಟ್ಟು ಬನ್ನಿ' ಅಂತ ಒಂದು ಮೆಸೇಜೂ ಬಿಟ್ಟು ನೋಡ್ದೆ. ಐದಕ್ಕೈದೂ ತಲುಪಿದೆ."

ಬುಧವಾರ ಮಧ್ಯಾಹ್ನ ಬಿಸಿಲು ರಣರಣ ಎನ್ನುತ್ತಿತ್ತು. ಮಾವ ಅಸ್ತರಿನ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಹೊಸ್ತಿಲ ಮೇಲೆ ಒಬ್ಬರು ಬಂದು ನಿಂತರು. ಎತ್ತರದ ಆಳು, ಬಿಳಿ ಅಂಗಿ, ಕೈಯಲ್ಲಿ ಏನೂ ಇಲ್ಲ. ಅಂಥ ಬಿಸಿಲಲ್ಲಿ ನಡೆದು ಬಂದರೂ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

"ಕೋಟು ಆಗಿದೆ ಅಂತ ಹೇಳಿಕಳಿಸಿದ್ರಿ."

"ಯಾರು ಅಂತ ನೋಡ್ಲಿ ಸಾರ್?"

"ಗಡಿಯಾರದ ಮೇಷ್ಟ್ರು. ನಿಮ್ಮಲ್ಲಿ ಹಾಗೇ ಅಂತಾರೆ."

ಮೂಲೆಯಲ್ಲಿ ಗುಂಡಿಗಳ ಸದ್ದು ನಿಂತಿತು. ಅಜ್ಜಿ ಮುಖ ಎತ್ತದೆ, ಬಹಳ ಮೆಲ್ಲಗೆ ಹೇಳಿದಳು: "ಅಟ್ಟದ ಮೇಲೆ, ಎಡಗಡೆ ಮೂರನೇ ಗಂಟು. ಬೂದು ಬಣ್ಣ. ಕೊಡು ಪುಟ್ಟಾ. ಕೂರಿ ಮೇಷ್ಟ್ರೇ."

ಗಂಟಿನ ಕಾಗದ ಹಳದಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಕೋಟು ಮಾತ್ರ ಈಗ ತಾನೆ ಇಸ್ತ್ರಿಯಿಂದ ಇಳಿದಂತಿತ್ತು. ಮೇಷ್ಟ್ರು ತೊಟ್ಟುಕೊಂಡರು. "ಎದೆ ಹತ್ರ ಒಂಚೂರು ನೋಡಮ್ಮ," ಎಂದರು.

ಚುಕ್ಕಿ ಟೇಪು ಸುತ್ತಿದಳು. "ಉಸಿರು ತಗೊಳ್ಳಿ ಸಾರ್." ನಲವತ್ತು. "ಬಿಡಿ." ನಲವತ್ತು.

ಉಸಿರು ಬಿಟ್ಟಾಗ ಟೇಪು ಎರಡು ಬೆರಳಾದರೂ ಸಡಿಲಾಗಬೇಕು. ಇದು ಮಾವ ಕಲಿಸಿದ ಮೊದಲ ಪಾಠ. ಇನ್ನೊಮ್ಮೆ ಹೇಳಿದಳು, ತಗೊಳ್ಳಿ, ಬಿಡಿ. ನಲವತ್ತು, ನಲವತ್ತು. ಕೈ ತಾಗಿದ ಕಡೆ ಎದೆ, ಬಟ್ಟೆ ತೂಗುಹಾಕುವ ಮರದ ಬೊಂಬೆಯಂತೆ ಸುಮ್ಮನಿತ್ತು. ಅವರು ಉಸಿರು ಬಿಗಿಹಿಡಿದಿರಲಿಲ್ಲ. ಹಿಡಿಯುವುದಕ್ಕೆ ಅಲ್ಲಿ ಉಸಿರೇ ಇರಲಿಲ್ಲ.

"ಸರಿಯಾಗಿದೆ," ಎಂದಳು ಚುಕ್ಕಿ. ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

"ಬಹಳ ದಿನ ಕಾಯಿಸಿದ್ರಿ," ಎಂದರು ಮೇಷ್ಟ್ರು, ಬೇಸರವಿಲ್ಲದೆ. ಹೊಸ್ತಿಲಿಗೆ ನಡೆದು, "ಹೋಗ್ತೀನಿ" ಎಂದರು.

ಹುಟ್ಟಿದಾಗಿನಿಂದ ಬಂದ ರೂಢಿ, ಚುಕ್ಕಿಯ ಬಾಯಿ ತಾನಾಗಿ ಆಡಿತು: "ಬರ್ತೀನಿ ಅನ್ನಿ ಸಾರ್."

ಮೇಷ್ಟ್ರು ನಕ್ಕರು. "ಅದನ್ನ ಒಂದ್ಸಲ ಅಂದಾಗಿತ್ತಲ್ಲಮ್ಮ."

ಬೀದಿ ನೇರವಾಗಿತ್ತು, ಬಿಸಿಲಿನಿಂದ ತುಂಬಿತ್ತು. ಚುಕ್ಕಿ ಓಡಿಹೋಗಿ ನೋಡುವಷ್ಟರಲ್ಲಿ ಅಲ್ಲಿ ಒಂದು ನೆರಳೂ ಇರಲಿಲ್ಲ.

"ಏನು ಮಾಡ್ದೆ ಪುಟ್ಟಾ?" ಎಂದಳು ಅಜ್ಜಿ. ಚುಕ್ಕಿ ತೊದಲುತ್ತ ಹೇಳಿದಳು, ಹಾಳೆ, ನಕ್ಷತ್ರ, ಬಾಣದ ಗುರುತು, ಎರಡು ಮಾತು. ಕಂಪ್ಯೂಟರಿನಲ್ಲಿ ಮೇಷ್ಟ್ರ ಸಾಲು ತೆಗೆದಾಗ, ಆ ನಂಬರು ತನ್ನದಲ್ಲ ಎನ್ನುವುದೂ ಆಗಲೇ ಕಣ್ಣಿಗೆ ಬಿತ್ತು. ಆ ನಂಬರಿಗೆ ಫೋನ್ ಮಾಡಿದಳು. ಇಂಥ ನಂಬರೇ ಇಲ್ಲ ಎಂದಿತು ಯಂತ್ರದ ದನಿ.

"ನಮ್ಮ ಕೈಲಿ ಬಟ್ಟೆ ಹೊಲಿಸಿ, ನಾಳೆ ಬರ್ತೀನಿ ಕಟ್ಟಿಡಿ ಅಂದು, ಆ ನಾಳೆ ಕಾಣದೆ ಇದ್ದವರು ಅವರು," ಎಂದಳು ಅಜ್ಜಿ. "ಹಾಗೆ ಅಂದೋರ ಹೆಸರಿಗೆ ನಾನು ಗೀಟು ಎಳೀಲಿಲ್ಲ. ಅವರು ಅಂದಿದ್ದನ್ನೇ ಬರೆದಿಟ್ಟೆ. ಬರ್ತೀನಿ ಅಂದ ಮಾತು ಬಾಕಿ ಇರೋವರೆಗೂ ಮನುಷ್ಯ ಪೂರ್ತಿ ಹೋದಂಗಲ್ಲ ಕಣೇ. ಎಲ್ಲೋ ಬರ್ತಾ ಇರ್ತಾನೆ. ಮೇಷ್ಟ್ರು ಮೂವತ್ತು ವರ್ಷದಿಂದ ಬರ್ತಾ ಇದ್ರು. ನೀನು ಕರೆದೆ, ಬಂದ್ರು, ತಗೊಂಡ್ರು. ಪುಸ್ತಕ ನೋಡು."

ಚುಕ್ಕಿ ನೋಡಿದಳು. ಕೆಂಪು ಪೆನ್ಸಿಲಿನ ಅಕ್ಷರ ಇದ್ದ ಜಾಗದಲ್ಲಿ ಬರಿ ಕಾಗದವಿತ್ತು.

"ಅಳಿಸಿಹೋಗಿದೆ ಅಲ್ವಾ?" ಎಂದಳು ಕಣ್ಣು ಕಾಣದ ಅಜ್ಜಿ. "ಇನ್ನು ಮೇಷ್ಟ್ರು ಇಲ್ಲ."

ಇಲ್ಲ ಎನ್ನುವ ಮಾತನ್ನು ಅಜ್ಜಿಯ ಬಾಯಲ್ಲಿ ಚುಕ್ಕಿ ಕೇಳಿದ್ದು ಅದೇ ಮೊದಲು.

ಆ ಸಂಜೆಯೇ ಅವಳು ಕೆಂಪು ಗುರುತಿದ್ದ ಸಾಲುಗಳನ್ನೆಲ್ಲ ಹಾಳೆಯಿಂದ ಕಿತ್ತಳು. ಅವರನ್ನು ಕರೆಯಲು ತಾನ್ಯಾರು? ಮುಂದಿನ ಪುಸ್ತಕಗಳಲ್ಲೂ ಅಂಥವರು ಬಂದಾಗ ದಾಟಿಕೊಂಡು ಹೋದಳು. ಗುರುವಾರ ಏಳನೆಯ ಪುಸ್ತಕ ತೆರೆದಳು. ನಡುವಿನ ಒಂದು ಹಾಳೆಯಲ್ಲಿ ಅಜ್ಜಿಯ ಅಕ್ಷರ ಉಳಿದ ಕಡೆಗಿಂತ ಸಣ್ಣದಾಗಿತ್ತು.

'ನನ್ನ ಮಗಳು. ಹಸಿರು ಮೇಲಂಗಿ. ಬರ್ತೀನಿ ಅಂದಳು.'

ಭುಜ, ತೋಳು, ಎದೆ, ಸೊಂಟ. ಒಂದೊಂದೂ ಚುಕ್ಕಿಯ ಈಗಿನ ಅಳತೆಯೇ. ಅವಳು ಬೇಡವೆಂದುಕೊಂಡೇ ಟೈಪು ಮಾಡುತ್ತ ಹೋದಳು. ಬೆರಳು ಬಂದು ನಿಂತದ್ದು ಸ್ಥಿತಿಯ ಮನೆಯ ಮುಂದೆ. ಒಂದು ಸಲ ಒತ್ತಿದರೆ ಸಾಕು. ನಾಳೆಯೋ ನಾಡಿದ್ದೋ ಆ ಹೊಸ್ತಿಲ ಮೇಲೆ ಅಮ್ಮ. ದನಿ. ಆ ದನಿ!

ಶುಕ್ರವಾರ ಬೆಳಗ್ಗೆಯೂ ಆ ಮನೆ ಖಾಲಿಯಾಗಿಯೇ ಇತ್ತು.

"ನಿನ್ನೆ ಯಾವ ಪುಟಕ್ಕೆ ಬಂದೆ ಅಂತ ಗೊತ್ತು," ಎಂದಳು ಅಜ್ಜಿ. "ಟಕಟಕ ಅನ್ನೋದು ಥಟ್ಟನೆ ನಿಂತೋಯ್ತು."

"ಒಂದೇ ಒಂದ್ಸಲ ಕೇಳ್ಬೇಕು ಅಜ್ಜಿ. ಹೆಂಗೆ ಮಾತಾಡ್ತಿದ್ಳು ಅಂತ."

"ನಂಗೇನು ಬೇಡ್ವಾ? ನನ್ನ ಹೊಟ್ಟೇಲಿ ಹುಟ್ಟಿದೋಳು." ಅಜ್ಜಿ ಒಂದು ಗುಂಡಿಯನ್ನು ಬೆರಳ ನಡುವೆ ತಿರುಗಿಸುತ್ತ ಕೂತಳು. "ಮೇಷ್ಟ್ರು ಹೊರಡೋವಾಗ ಏನಂದ್ರು, ಕೇಳಿಸ್ಕೊಂಡೆಯಲ್ಲ. ಅದೇ ಮಾತನ್ನ ಅವಳ ಬಾಯಲ್ಲಿ ಕೇಳೋ ಶಕ್ತಿ ಇದ್ರೆ ಕರಿ. ನಾನು ಅಡ್ಡ ಬರಲ್ಲ. ನಂಗೆ ಅವಳು ಇಪ್ಪತ್ತಾರು ವರ್ಷ ಸಿಕ್ಕಿದ್ಳು. ನಿಂಗೆ ನಾಲ್ಕೇ."

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಸಾಫ್ಟ್‌ವೇರಿನವಳ ಫೋನ್. "ಮೇಡಂ, ಒಂದು ಸಾಲಲ್ಲಿ ಸ್ಥಿತಿ ಖಾಲಿ ಇದೆ, ಫೈಲ್ ಏರ್ತಾ ಇಲ್ಲ. ಬರ್ತಾರೋ ಬರಲ್ವೋ, ಏನೋ ಒಂದು ಹಾಕಿ."

"ಎರಡೂ ಅಲ್ದೆ ಇದ್ರೆ?"

"ಹಂಗೆ ಯಾರಿರ್ತಾರೆ ಮೇಡಂ?" ಅವಳು ನಕ್ಕಳು. "ಬೇಡ ಅಂದ್ರೆ ಸಾಲೇ ತೆಗೆದುಬಿಡಿ."

ಚುಕ್ಕಿ ಬಾಣದ ಗುರುತು ಒತ್ತಿದಳು. 'ಬರುತ್ತಾರೆ' ಆರಿಸಿದಳು. ಮನೆ ಹಸಿರಾಯಿತು. ಇನ್ನು ಮತ್ತೊಮ್ಮೆ ಕಳಿಸುವುದೊಂದೇ ಬಾಕಿ. ಅಟ್ಟದ ಮೇಲೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಯಾವುದೋ ಗಂಟಿನ ಕಾಗದ ಸರಕ್ಕೆಂದಿತು.

ಆ ಸದ್ದಿಗೆ ಅವಳು ತಲೆ ಎತ್ತಿದಾಗ ಕಂಡದ್ದು ಅಜ್ಜಿಯನ್ನು. ಅಜ್ಜಿ ತನ್ನ ಮಣೆಯನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಕೂದಲು ತೀಡಿಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಕಾಣದ ಕಣ್ಣುಗಳನ್ನು ಹೊಸ್ತಿಲಿಗೆ ನೆಟ್ಟಿದ್ದಳು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಮಗಳು 'ಹೋಗ್ತೀನಿ' ಎಂದಾಗ ತಿದ್ದದೆ ಸುಮ್ಮನಿರಲು ಅವಳು ಈಗಿನಿಂದಲೇ ಹಲ್ಲು ಕಚ್ಚಿ ಅಭ್ಯಾಸ ಮಾಡುತ್ತಿದ್ದಂತಿತ್ತು.

ಚುಕ್ಕಿ ಆ ಸಾಲನ್ನು ತುದಿಯಿಂದ ತುದಿಗೆ ಗುರುತು ಮಾಡಿ, ಅಳಿಸಿದಳು. ಕೆಳಗಿನ ಸಾಲು ಮೇಲೆ ಬಂತು. ಫೈಲು ಏರಿತು.

"ಕಳಿಸಿದ್ಯಾ?" ಎಂದಳು ಅಜ್ಜಿ.

"ಅಮ್ಮ ಪುಸ್ತಕದಲ್ಲೇ ಇರ್ಲಿ ಅಜ್ಜಿ. ಬರ್ತಾ ಇರ್ಲಿ."

ಮಣೆಯನ್ನು ಮತ್ತೆ ಮೂಲೆಗೆ ತಿರುಗಿಸಿಕೊಳ್ಳಲು ಅಜ್ಜಿಗೆ ಬಹಳ ಹೊತ್ತು ಹಿಡಿಯಿತು.

ಮಾವ ಬಂದವನು ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕೋಣವೆಂದ. "ಕಪಾಳಕ್ಕೆ ಹಾಕ್ತೀನಿ ನಿಂಗೆ," ಎಂದಳು ಅಜ್ಜಿ. ಐವತ್ತು ದಾಟಿದ ಮಾವ ಕೆನ್ನೆ ಸವರಿಕೊಂಡು ಇಸ್ತ್ರಿ ಬಟ್ಟೆ ತಲುಪಿಸಲು ಹೊರಟುಹೋದ. ಚುಕ್ಕಿ ಹನ್ನೊಂದು ಪುಸ್ತಕವನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ, ಅಟ್ಟದ ಮೇಲೆ ಹಸಿರು ಅಂಚು ಇಣುಕುತ್ತಿದ್ದ ಒಂದು ಗಂಟಿನ ಪಕ್ಕ ಇಟ್ಟಳು.

"ಕಪ್ಪು ದಾರ ಹೆಚ್ಚಾಗಿದೆ ಪುಟ್ಟಾ," ಎಂದಳು ಅಜ್ಜಿ ಕೆಳಗಿನಿಂದ. "ಅಂಗಡಿ ಬಾಗಿಲು ಮುಂದೆ ಮಾಡೋಕೆ ಮುಂಚೆ ತಗೊಂಡು ಬಾ."

ಹೊರಗೆ ಇನ್ನೂ ಬೆಳಕಿತ್ತು. ಚುಕ್ಕಿ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದಳು.

"ಬರ್ತೀನಿ ಅಜ್ಜಿ."

"ಹೂಂ, ಬಾ."

ಡಬ್ಬಿಯೊಳಗೆ ಗುಂಡಿಯೊಂದು ಟಣ್ಣೆಂದು ಬಿತ್ತು. ಆಮೇಲೆ, ಅಂಗಡಿಯ ಒಳಗಿನಿಂದಲೇ, ಇನ್ನೊಂದು ದನಿ.

"ಬೇಗ ಬಾ ಕಣೇ."

ಚುಕ್ಕಿ ತಿರುಗಲಿಲ್ಲ. ತಿರುಗಿ ನೋಡಿದವರು ಏನೇನು ಕಳೆದುಕೊಂಡರೆಂದು ಅಜ್ಜಿಯ ಕತೆಗಳು ಅವಳಿಗೆ ಸಾಕಷ್ಟು ಕಲಿಸಿದ್ದವು. ಕಾಲು ನಡೆಯುತ್ತಲೇ ಇತ್ತು. ಇಷ್ಟು ವರ್ಷ ಅವಳು ಊಹಿಸಿಕೊಂಡಿದ್ದ ಇಂಪಾದ ದನಿ ಅದಾಗಿರಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ಅವಸರ, ಅಕ್ಷರಗಳು ಅರ್ಧಂಬರ್ಧ. ಕೈಯಲ್ಲಿ ಕೆಲಸ ಹಿಡಿದು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವರ ದನಿ.